ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಬಾರದು

ಹೋದ ತಿಂಗಳು ಒಂದು ಭಾನುವಾರ ಸಂಜೆ ಅಮ್ಮ ಮತ್ತು ನಾನು ಹನುಮಂತನಗರದ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತು, ಒಂದೇ ಒಂದು ಕವಡೆಯನ್ನು ಮುನ್ನೂರರ ಹತ್ತಿರ ಸಲ ಉರುಳಿಸಿದೆವು. ಆಟಕ್ಕಲ್ಲ. ಒಂದು ಪಾಸ್‌ವರ್ಡ್ ಮಾಡಬೇಕಿತ್ತು. ಅಮ್ಮ ಹಾಕುವುದು, ನಾನು ಬರೆದುಕೊಳ್ಳುವುದು. ಅಂಗಾತ, ಬೋರಲು, ಅಂಗಾತ, ಅಂಗಾತ, ಬೋರಲು. ಒಂದೂವರೆ ಗಂಟೆ ಹಿಡಿಯಿತು. ಆ ಸಂಜೆಯ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದೇನೆ. ಆದರೆ ಅಲ್ಲಿಗೆ ಹೋಗುವ ಮೊದಲು ಬಹಳ ದಿನದಿಂದ ಮನಸ್ಸಿನಲ್ಲಿರುವ ಕೆಲವು ವಿಷಯ ಹೇಳಬೇಕು.

ಇಪ್ಪತ್ತು ವರ್ಷದಿಂದ ನನ್ನ ಕೆಲಸ ಗುಟ್ಟು ಕಾಯುವುದು. ಕಂಪ್ಯೂಟರ್‌ಗಳು ಒಂದಕ್ಕೊಂದು ಆಡುವ ಮಾತು ಮೂರನೆಯವರಿಗೆ ಅರ್ಥವಾಗಬಾರದು, ಅದನ್ನು ನೋಡಿಕೊಳ್ಳುವುದು. 'ತುಂಬಾ ಗಣಿತ ಇರುತ್ತೆ ಅಲ್ವಾ?' ಅಂತ ಜನ ಕೇಳುತ್ತಾರೆ. ಇರುತ್ತೆ. ಆದರೆ ಆ ಗಣಿತ ಬರೀ ಬೀಗ. ಬೀಗ ಹೇಗೆ ಕೆಲಸ ಮಾಡುತ್ತೆ ಅಂತ ಊರಿಗೆಲ್ಲ ಗೊತ್ತು, ಪುಸ್ತಕದಲ್ಲಿ ಅಚ್ಚಾಗಿದೆ. ಅದು ಗೊತ್ತಿದ್ದರೂ ಪರವಾಗಿಲ್ಲ ಅನ್ನುವ ಹಾಗೆ ಬೀಗ ಇರಬೇಕು ಅಂತ ಕೆರ್ಕಾಫ್ಸ್ ಅನ್ನುವವರು 1883ರಲ್ಲೇ ಬರೆದರು. ಗುಟ್ಟಾಗಿ ಉಳಿಯಬೇಕಾದ್ದು ಕೀಲಿ ಮಾತ್ರ. ಹಾಗಾದರೆ ಆ ಕೀಲಿ ಎಲ್ಲಿಂದ ಬರಬೇಕು?

ಯಾರ ತಲೆಯಿಂದಲೂ ಬರಬಾರದು. ನನ್ನ ಇಡೀ ವೃತ್ತಿ ನಿಂತಿರುವುದು ಈ ಒಂದು ಮಾತಿನ ಮೇಲೆ, ಮತ್ತು ಇದು ನನಗೆ ಇವತ್ತಿಗೂ ಹಳೆಯದಾಗಿಲ್ಲ.

ಬೆಳಿಗ್ಗೆ ಆಟೋ ಹತ್ತಿದಾಗ ಡ್ರೈವರಣ್ಣನಿಗೆ ನಾಲ್ಕಂಕಿ ಹೇಳುತ್ತೇವೆ. ಅಲ್ಲಿ ಇರುವುದು 10,000 ಸಾಧ್ಯತೆ. ಬ್ಯಾಂಕಿನ ಆರಂಕಿ ಓಟಿಪಿಯಲ್ಲಿ 10 ಲಕ್ಷ. ಇವು ನಮ್ಮ ಕಣ್ಣಿಗೆ ಕಾಣುವ ಸಣ್ಣ ಸಂಖ್ಯೆಗಳು. ಕಾಣದೆ ಇರುವುದು ಬೇರೆ ಇದೆ. ಬ್ಯಾಂಕಿನ ಆ್ಯಪ್ ತೆರೆದ ಕೂಡಲೇ ನಮ್ಮ ಫೋನು 256 ಬಿಟ್‌ನ ಒಂದು ಹೊಸ ಸಂಖ್ಯೆ ಹುಟ್ಟಿಸುತ್ತೆ, ಅಂದರೆ 256 ಸೊನ್ನೆ-ಒಂದುಗಳ ಸಾಲು. ಹಾಗೆ ಹುಟ್ಟಬಹುದಾದ ಸಂಖ್ಯೆಗಳು ಎಷ್ಟು ಅಂತ ಬರೆಯಹೊರಟರೆ 78 ಅಂಕಿ ಬೇಕು. ಆ ಕ್ಷಣದವರೆಗೆ ಆ ಸಂಖ್ಯೆಯನ್ನು ಯಾರೂ ಯೋಚಿಸಿರಲಿಲ್ಲ. ಮಾತು ಮುಗಿದ ಮೇಲೆ ಫೋನು ಅದನ್ನು ಮರೆತುಬಿಡುತ್ತೆ. ಜೇಬಿನಲ್ಲಿ, ಚೀಲದಲ್ಲಿ, ದಿಂಬಿನ ಪಕ್ಕದಲ್ಲಿ ದಿನವಿಡೀ ಇದು ನಡೆಯುತ್ತಲೇ ಇರುತ್ತೆ.

ನಮ್ಮ ತಲೆಗೆ ಇದು ಯಾಕೆ ಆಗದು ಅಂತ ಅಣ್ಣನ ಮಗಳಿಗೆ ತೋರಿಸಿದೆ. ಎಂಟನೇ ಕ್ಲಾಸು. 'ನಾಣ್ಯ ನೂರು ಸಲ ಚಿಮ್ಮಿದ್ರೆ ಹೇಗೆ ಬೀಳಬಹುದು ಅಂತ ಸುಮ್ನೆ ಮನಸ್ಸಲ್ಲೇ ಅಂದ್ಕೊಂಡು ಬರಿ' ಅಂದೆ. ಹೆಡ್ಡು, ಟೇಲು, ಟೇಲು, ಹೆಡ್ಡು ಅಂತ ಬೇಗ ಬೇಗ ಬರೆದಳು. ಆಮೇಲೆ ಐದು ರೂಪಾಯಿ ನಾಣ್ಯ ಕೊಟ್ಟು ನಿಜವಾಗಿ ಚಿಮ್ಮಿಸಿದೆ. ಅವಳು ಊಹಿಸಿ ಬರೆದದ್ದರಲ್ಲಿ ಒಂದೇ ಮುಖ ಸತತವಾಗಿ ಬಂದದ್ದು ಮೂರು ಸಲಕ್ಕಿಂತ ಜಾಸ್ತಿ ಇರಲಿಲ್ಲ. ನಾಣ್ಯ ಒಂದು ಕಡೆ ಏಳು ಹೆಡ್ಡು ಸಾಲಾಗಿ ಕೊಟ್ಟಿತ್ತು. 'ಅತ್ತೆ, ಈ ನಾಣ್ಯ ಸರಿ ಇಲ್ಲ' ಅಂದಳು. ನಾಣ್ಯ ಸರಿಯಾಗೇ ಇತ್ತು. ನೂರು ಸಲ ಚಿಮ್ಮಿದರೆ ಆರೇಳು ಒಂದೇ ಬಗೆ ಸಾಲಾಗಿ ಬರುವುದು ಮಾಮೂಲಿ. ನಾವು ಮಾತ್ರ ಹಾಗೆ ಬರೆಯಲು ಹೆದರುತ್ತೇವೆ. ಮೂರು ಬಂತು, ಇನ್ನು ಬದಲಾಗಬೇಕು ಅಂತ ಕೈ ತಾನಾಗಿ ತಿರುಗುತ್ತೆ. ನ್ಯಾಯ, ಸಮತೋಲ, ಚೆಂದ, ಇವೆಲ್ಲ ನಮ್ಮೊಳಗೆ ಕೂತು ಬರೆಸುತ್ತವೆ. ಮನುಷ್ಯ ಆರಿಸಿದ ಯಾವುದರಲ್ಲೂ ಅವನ ಬೆರಳಚ್ಚು ಇರುತ್ತೆ. ಕಳ್ಳ ಹುಡುಕುವುದು ಅದನ್ನೇ.

ಯಂತ್ರಕ್ಕಾದರೂ ಇದು ಸುಲಭವೇ? ಅಲ್ಲ. ಅದನ್ನು ನಾನು ಕಲಿತದ್ದು ಕಷ್ಟದಲ್ಲಿ.

2014ರಲ್ಲಿ ಪೀಣ್ಯದ ಕಡೆ ಒಂದು ಸಣ್ಣ ಕಂಪನಿಯಲ್ಲಿದ್ದೆ. ಮೀಟರಿನ ಲೆಕ್ಕವನ್ನು ದೂರದ ಕಚೇರಿಗೆ ಕಳಿಸುವ ಪುಟ್ಟ ಪೆಟ್ಟಿಗೆ ಮಾಡುತ್ತಿದ್ದೆವು. ಮೊದಲ ಸಲ ಕರೆಂಟು ಕೊಟ್ಟಾಗ ಪ್ರತಿ ಪೆಟ್ಟಿಗೆಯೂ ತನ್ನ ಕೀಲಿಯನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಆ ಭಾಗ ಬರೆದವಳು ನಾನು. ಮೊದಲ ಕಂತಿನಲ್ಲಿ ಇನ್ನೂರು ಪೆಟ್ಟಿಗೆ ತಯಾರಾದವು. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಕೀಲಿಯ ಗುರುತನ್ನು ಪಟ್ಟಿ ಮಾಡುತ್ತಿದ್ದೆ. ರಾತ್ರಿ ಒಂಬತ್ತರ ಹೊತ್ತಿಗೆ ಪಟ್ಟಿಯಲ್ಲಿ ಒಂದೇ ಗುರುತು ಎರಡು ಸಲ ಕಾಣಿಸಿತು. ತಪ್ಪಾಗಿ ಎರಡು ಸಲ ಬರೆದೆನೇನೋ ಅಂದುಕೊಂಡು ಮತ್ತೆ ನೋಡಿದೆ. ಬೇರೆ ಬೇರೆ ಪೆಟ್ಟಿಗೆ, ಒಂದೇ ಕೀಲಿ. ಹುಡುಕುತ್ತಾ ಹೋದರೆ ಅಂಥ ಹದಿನೇಳು ಜೋಡಿ ಸಿಕ್ಕವು. ಮೈ ತಣ್ಣಗಾಯಿತು. 78 ಅಂಕಿಯ ಲೋಕದಲ್ಲಿ ಇಬ್ಬರು ಆಕಸ್ಮಿಕವಾಗಿ ಒಂದೇ ಮನೆಗೆ ಹೋಗಿ ನಿಲ್ಲುವುದು ಅಂದರೆ, ಅದು ಆಕಸ್ಮಿಕ ಅಲ್ಲ.

ಕಾರಣ ತಿಳಿಯಲು ನಾಲ್ಕು ದಿನ ಬೇಕಾಯಿತು. ಆ ಪೆಟ್ಟಿಗೆಗೆ ಕೀಬೋರ್ಡ್ ಇಲ್ಲ. ಡಿಸ್ಕ್ ಇಲ್ಲ. ಗಡಿಯಾರಕ್ಕೆ ಬ್ಯಾಟರಿ ಇಲ್ಲ, ಹಾಗಾಗಿ ಎದ್ದಾಗಲೆಲ್ಲ ಅದಕ್ಕೆ 1970ರ ಜನವರಿ 1. ನೆಟ್‌ವರ್ಕ್ ಇನ್ನೂ ಸಿಕ್ಕಿಲ್ಲ. ಆಗತಾನೇ ಕಣ್ಣು ಬಿಟ್ಟ ಕೂಸು ಅದು. ಅದಕ್ಕೆ ಏನೂ ಆಗಿಲ್ಲ, ಯಾರೂ ಅದನ್ನು ಮುಟ್ಟಿಲ್ಲ. ಅಂಥ ಹೊತ್ತಲ್ಲಿ 'ನಿನ್ನದೇ ಆದ ಒಂದು ಗುಟ್ಟು ಹೇಳು' ಅಂತ ನಾನು ಕೇಳಿದ್ದೆ. ಪಕ್ಕದ ಕೂಸು ಹೇಳಿದ್ದನ್ನೇ ಅದೂ ಹೇಳಿತು. ಬೇರೆ ಹೇಳಲು ಅದರ ಬಳಿ ಏನಿತ್ತು? ಕೊನೆಗೆ ಪ್ರತಿ ಪೆಟ್ಟಿಗೆಗೂ ಕಾರ್ಖಾನೆಯಲ್ಲೇ ಬೇರೆ ಬೇರೆ ಬೀಜ, ಅಂದರೆ ಲೆಕ್ಕ ಶುರುಮಾಡಲು ಬೇಕಾದ ಸಂಖ್ಯೆ, ತುಂಬಿದೆವು. ಸೆನ್ಸರಿನ ತಂತಿಯಲ್ಲಿ ಸದಾ ಇರುವ ಸಣ್ಣ ನಡುಕವನ್ನೂ ಸೇರಿಸಿದೆವು. ಕೀಲಿ ಹುಟ್ಟಿಸುವ ಕೆಲಸವನ್ನು ಸ್ವಲ್ಪ ತಡವಾಗಿ ಮಾಡಿಸಿದೆವು.

ಇದು ನಮ್ಮೊಬ್ಬರ ತಪ್ಪಾಗಿರಲಿಲ್ಲ ಅಂತ ಆಮೇಲೆ ಓದಿ ಗೊತ್ತಾಯಿತು. ಎರಡು ವರ್ಷ ಮೊದಲೇ, 2012ರಲ್ಲಿ, ನಾಡಿಯಾ ಹೆನಿಂಗರ್ ಮತ್ತು ಅವರ ಜೊತೆಗಾರರು ಇಂಟರ್ನೆಟ್ಟಿನಲ್ಲಿ ಸಿಗುವ ಕೀಲಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ್ದರು. ಆರ್‌ಎಸ್‌ಎ ಅನ್ನುವ ಬೀಗದಲ್ಲಿ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ, ಗುಣಲಬ್ಧವನ್ನು ಎಲ್ಲರಿಗೂ ತೋರಿಸುತ್ತಾರೆ. ಅದನ್ನು ಒಡೆಯುವುದು ಕಷ್ಟ, ಬೀಗದ ಬಲ ಅದೇ. ಆದರೆ ಇಬ್ಬರು ತಿಳಿಯದೆ ಒಂದು ಅವಿಭಾಜ್ಯವನ್ನು ಹಂಚಿಕೊಂಡರೆ? 143 ಮತ್ತು 187 ತಗೊಳ್ಳಿ. ಸ್ಕೂಲಲ್ಲಿ ಕಲಿತ ಮ.ಸಾ.ಅ. ತೆಗೆದರೆ 11 ಬರುತ್ತೆ. ಒಂದು 11×13, ಇನ್ನೊಂದು 11×17, ಎರಡೂ ಬಯಲು. ಮೇಷ್ಟ್ರು ಬೋರ್ಡಿನ ಮೇಲೆ ಮಾಡಿಸಿದ ಲೆಕ್ಕ ಅದು. ಅಷ್ಟರಿಂದಲೇ ಅವರಿಗೆ ಪ್ರತಿ ಇನ್ನೂರು ವೆಬ್ ಸರ್ವರಿನಲ್ಲಿ ಒಂದರ ಗುಪ್ತ ಕೀಲಿ ಸಿಕ್ಕಿತು. ಹೆಚ್ಚಿನವು ರೌಟರಿನಂಥ ಸಣ್ಣ ಪೆಟ್ಟಿಗೆಗಳು. ನಮ್ಮವುಗಳ ಹಾಗೆಯೇ, ಕಣ್ಣು ಬಿಟ್ಟ ಕೂಡಲೇ ಗುಟ್ಟು ಹೇಳಲು ಹೋದವು.

ಇನ್ನೊಂದು ಘಟನೆ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತೆ. ಕಂಪ್ಯೂಟರ್ ನಡೆಸುವ ಲಿನಕ್ಸ್ ಅನ್ನುವ ತಂತ್ರಾಂಶದ ಒಂದು ಬಗೆಯಾದ ಡೆಬಿಯನ್ನಿನಲ್ಲಿ 2006ರಲ್ಲಿ ಒಬ್ಬರು ಕೀಲಿ ಹುಟ್ಟಿಸುವ ಪ್ರೋಗ್ರಾಮನ್ನು ಚೊಕ್ಕಟ ಮಾಡಲು ಹೊರಟರು. ಬೆಲೆ ತುಂಬದ ಮೆಮೊರಿಯನ್ನು ಇಲ್ಲಿ ಓದುತ್ತಿದ್ದೀರಿ ಅಂತ ತಪ್ಪು ಹುಡುಕುವ ಉಪಕರಣ ದೂರು ಹೇಳುತ್ತಿತ್ತು. ಆ ಸಾಲುಗಳನ್ನು ತೆಗೆದರು. ದೂರು ನಿಂತಿತು. ಜೊತೆಗೆ, ಹೊರಗಿನಿಂದ ಬರುತ್ತಿದ್ದ ಗೊಂದಲವೆಲ್ಲ ಒಳಗೆ ಸೇರುವ ದಾರಿಯೂ ಮುಚ್ಚಿಹೋಯಿತು. ಉಳಿದದ್ದು ಕಂಪ್ಯೂಟರಿನೊಳಗೆ ಆ ಕೆಲಸಕ್ಕಿರುವ ಕ್ರಮಸಂಖ್ಯೆ ಮಾತ್ರ, 32,767 ಸಾಧ್ಯತೆ. 2008ರ ಮೇ ತಿಂಗಳವರೆಗೆ ಯಾರಿಗೂ ಗೊತ್ತಾಗಲಿಲ್ಲ. ಹುಟ್ಟಿದ ಕೀಲಿಗಳು ನೋಡಲು ಚೆನ್ನಾಗೇ ಇದ್ದವು. ಕಸ ಅಂತ ಗುಡಿಸಿ ಹಾಕಿದ್ದೇ ಆ ಮನೆಯ ಆಸ್ತಿಯಾಗಿತ್ತು.

ಹೌದು, ಆ ಆಸ್ತಿ ಬರುವುದೇ ಕಸದಿಂದ. ಲಿನಕ್ಸಿನಲ್ಲಿ 1994ರಿಂದ ಒಂದು ಕೊಳ ಇದೆ. ನಾವು ಕೀ ಒತ್ತುವ ನಡುವಿನ ಅಂತರ, ಡಿಸ್ಕ್ ಉತ್ತರ ಕೊಡಲು ತೆಗೆದುಕೊಂಡ ಹೊತ್ತು, ನೆಟ್‌ವರ್ಕಿನಿಂದ ಏನಾದರೂ ಬಂದು ತಟ್ಟಿದ ಕ್ಷಣ, ಇವುಗಳ ಕೊನೆಯ ಚೂರುಪಾರು ಅಂಕಿಗಳನ್ನು ಅದರಲ್ಲಿ ಹಾಕಿ ಕಲಸುತ್ತಾರೆ. ಸಾರಿನ ಪುಡಿಗೆ ಹುರಿದದ್ದನ್ನೆಲ್ಲ ಮಿಷನ್ನಿಗೆ ಹಾಕಿಸುತ್ತೇವಲ್ಲ, ಹಾಗೆ. ಪುಡಿಯಾದ ಮೇಲೆ ಯಾವುದು ಕೊತ್ತಂಬರಿ ಬೀಜ, ಯಾವುದು ಮೆಂತ್ಯ ಅಂತ ಹಿಂದಕ್ಕೆ ಬಿಡಿಸಲಾಗದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ವೆಬ್ ಸೈಟುಗಳನ್ನು ಕಾಯುವ ಕಂಪನಿಯಾದ ಕ್ಲೌಡ್‌ಫ್ಲೇರ್ ಕಚೇರಿಯಲ್ಲಿ ಗೋಡೆ ತುಂಬಾ ಲಾವಾ ದೀಪ ಇಟ್ಟು, ಒಳಗೆ ಮೇಣ ಏರಿಳಿಯುವುದನ್ನು ಕ್ಯಾಮೆರಾದಲ್ಲಿ ಹಿಡಿದು ಕೊಳಕ್ಕೆ ಸೇರಿಸುತ್ತಾರೆ. ಸಂಜೆ ನಮ್ಮ ತಾರಸಿ ಮೇಲೆ ನಿಂತರೆ 50 ಅಡಿ ರಸ್ತೆಯ ಹಾರ್ನುಗಳು ಕೇಳುತ್ತವೆ. ಮುಂದಿನ ಹಾರ್ನು ಯಾವಾಗ ಅಂತ ಯಾರೂ ಹೇಳಲಾರರು. ಆದರೆ ಅದನ್ನು ಕೀಲಿಗೆ ಬಳಸುವಂತಿಲ್ಲ. ಪಕ್ಕದ ಮನೆಯವರಿಗೂ ಅದೇ ಹಾರ್ನು ಕೇಳುತ್ತೆ. ಊಹೆಗೆ ಸಿಗದಿದ್ದರೆ ಸಾಲದು, ಯಾರ ಕಿವಿಗೂ ಬೀಳದೆಯೂ ಇರಬೇಕು.

ಇಷ್ಟೆಲ್ಲ ಕೂಡಿಸಿದರೂ ಕೊಳದಿಂದ ಸಿಗುವುದು ಒಂದು ಹಿಡಿ. ಅದನ್ನು ಬೀಜ ಅನ್ನುತ್ತೇವೆ. ಆ ಬೀಜದಿಂದ ಮುಂದಿನ ಕೋಟಿಗಟ್ಟಲೆ ಅಂಕಿಗಳನ್ನು ಬೆಳೆಸುವುದು ಶುದ್ಧ ಲೆಕ್ಕ. ಬೀಜ ಅದೇ ಆದರೆ ಫಲ ಅದೇ, ಒಂದಂಕಿಯೂ ಆಚೀಚೆ ಆಗದು. ಈ ಮಾತನ್ನು ನಾನು ಮೊದಲು ಕೇಳಿದ್ದು ಕಾಲೇಜಿನಲ್ಲಲ್ಲ, ಅಜ್ಜಿಯ ಬಾಯಲ್ಲಿ. ಕರ್ಮದ ಬಗ್ಗೆ ಹೇಳುವಾಗ ಅವಳು ಹೇಳುತ್ತಿದ್ದದ್ದು ಇದನ್ನೇ.

ಹಣೆಬರಹ ಅನ್ನುವ ಮಾತನ್ನು ದಿನಾ ಆಡುತ್ತೇವೆ. ಬ್ರಹ್ಮ ಬರೆದಾಗಿದೆ, ಬರೆದದ್ದು ಬದಲಾಗದು. ಆದರೆ ನಮ್ಮ ಹಣೆ ನಮಗೆ ಕಾಣದು. ಬೀಜದಿಂದ ಬೆಳೆಯುವ ಅಂಕಿಗಳ ಸಾಲೂ ಹೀಗೆಯೇ. ಬೀಜ ಗೊತ್ತಿರುವವನಿಗೆ ಅದು ಮೊದಲೇ ಬರೆದಿಟ್ಟ ಬರಹ. ಗೊತ್ತಿಲ್ಲದವನಿಗೆ ಶುದ್ಧ ಆಕಸ್ಮಿಕ. ಎಷ್ಟು ಲೆಕ್ಕ ಹಾಕಿದರೂ ನೋಡುವವನಿಗೆ ವ್ಯತ್ಯಾಸ ಹಿಡಿಯಲಾಗದಿದ್ದರೆ ಅದನ್ನು ಯಾದೃಚ್ಛಿಕ ಅಂತಲೇ ಎಣಿಸಬಹುದು. 1982ರಲ್ಲಿ ಬ್ಲಮ್, ಮಿಕಾಲಿ, ಯಾವೋ ಇವರು ಕಟ್ಟಿಕೊಟ್ಟ ಈ ಯೋಚನೆಯ ಮೇಲೆ ಇವತ್ತಿನ ಗುಪ್ತಲಿಪಿ ಶಾಸ್ತ್ರ ನಿಂತಿದೆ. ಅಂದರೆ ಆಕಸ್ಮಿಕ ಅನ್ನುವುದು ವಸ್ತುವಿನಲ್ಲಿ ಇಲ್ಲ, ನೋಡುವವನ ಕಣ್ಣಿನಲ್ಲಿ ಇದೆ. ಹಾಗಾದರೆ ಎಲ್ಲವನ್ನೂ ಕಾಣುವ ಕಣ್ಣೊಂದು ಇದ್ದರೆ? ಆ ಕಣ್ಣಿಗೆ ಆಕಸ್ಮಿಕ ಅನ್ನುವುದು ಉಂಟೇ?

ಹಳಬರು ಇದನ್ನು ಕೇಳದೆ ಬಿಟ್ಟಿಲ್ಲ. 'ಯಾದೃಚ್ಛಿಕ' ಅನ್ನುವ ಪಠ್ಯಪುಸ್ತಕದ ಪದ ಕೇಳಿದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ನಾವೂ ಆಫೀಸಿನಲ್ಲಿ ರ‍್ಯಾಂಡಮ್ ಅಂತಲೇ ಅನ್ನುವುದು. ಆದರೆ ಅದರ ತಾಯಿ ಪದ 'ಯದೃಚ್ಛಾ' ಬಹಳ ಹಳೆಯದು. ಶ್ವೇತಾಶ್ವತರ ಉಪನಿಷತ್ತಿನ ಆರಂಭದಲ್ಲೇ ಒಂದು ಪ್ರಶ್ನೆ ಬರುತ್ತೆ. ಈ ಜಗತ್ತಿಗೆ ಮೂಲ ಯಾವುದು? ಕಾಲವೇ, ಸ್ವಭಾವವೇ, ನಿಯತಿಯೇ, ಯದೃಚ್ಛೆಯೇ? ನಿಯತಿ ಅಂದರೆ ಮೊದಲೇ ಗೊತ್ತಾದದ್ದು. ಯದೃಚ್ಛೆ ಅಂದರೆ ತಾನಾಗಿ ಒದಗಿದ್ದು. ಎರಡೂ ಅಕ್ಕಪಕ್ಕ ಕೂತಿವೆ. ಉಪನಿಷತ್ತು ಮುಂದೆ ಇವುಗಳನ್ನು ದಾಟಿ ಹೋಗುತ್ತೆ, ಆದರೆ ಆಕಸ್ಮಿಕವನ್ನು ಒಂದು ಉತ್ತರವಾಗಿ ಎಣಿಸಿ ತೂಗಿದ ಮೇಲೆ ಹೋಗುತ್ತೆ. ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಅದೇ ಪದ ಬೇರೆ ಬಣ್ಣದಲ್ಲಿ ಬರುತ್ತೆ. ಯದೃಚ್ಛಾಲಾಭಸಂತುಷ್ಟ. ಕೇಳದೆ ಬಂದದ್ದರಲ್ಲಿ ತೃಪ್ತಿ ಕಂಡವನು. ನಾನು ಇಡೀ ದಿನ ಯಂತ್ರದಿಂದ ಹಿಂಡಿ ತೆಗೆಯುವ ವಸ್ತುವಿಗೂ, ಅಜ್ಜಿ ಸಂಜೆ ದೀಪ ಹಚ್ಚಿ ಓದುತ್ತಿದ್ದ ಸಾಲಿಗೂ ಒಂದೇ ಪದ. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಎಲ್ಲ ಕಾಣುವ ಕಣ್ಣಿಗೂ ಕಾಣದ ಆಕಸ್ಮಿಕ ಇರಬಹುದು ಅನ್ನುವ ಸುಳಿವು ನಮ್ಮ ಊರಲ್ಲೇ ಇದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಮುಂದೆ ಹೋಗುವಾಗ ನಾನು ಬಸ್ಸಿನ ಕಿಟಕಿಯಿಂದ ಮರಗಳನ್ನು ನೋಡುತ್ತೇನೆ. ರಾಮನ್ 1970ರಲ್ಲಿ ತೀರಿಕೊಂಡಾಗ ಅವರ ದಹನ ಆ ತೋಟದಲ್ಲೇ ಆಯಿತು. ಗುರುತಿಗೆ ಅಲ್ಲಿ ಒಂದು ಮರ ನೆಟ್ಟರು. ಅವರು 1928ರಲ್ಲಿ ಕಂಡದ್ದನ್ನು ಎಲ್ಲರೂ ಬಣ್ಣದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಬೇರೆ ಕಾರಣಕ್ಕೆ ಇಷ್ಟ. ಬೆಳಕು ದ್ರವದ ಮೂಲಕ ಹಾಯುವಾಗ ಕೋಟಿಗೊಂದರ ಆಸುಪಾಸಿನಲ್ಲಿ ಯಾವುದೋ ಒಂದು ಬೆಳಕಿನ ಕಣ ಮಾತ್ರ ತನ್ನ ಬಣ್ಣ ಬದಲಿಸುತ್ತೆ. ಎಷ್ಟು ಕಣ ಬದಲಾಗುತ್ತವೆ ಅಂತ ಲೆಕ್ಕ ಇದೆ. ಯಾವ ಕಣ ಅನ್ನುವುದಕ್ಕೆ ಲೆಕ್ಕ ಇಲ್ಲ. ಬಚ್ಚಿಟ್ಟ ಬೀಜವೊಂದು ಇದ್ದು ನಮಗೆ ಕಾಣುತ್ತಿಲ್ಲ ಅಂತಲೂ ಸುಲಭವಾಗಿ ಹೇಳುವಂತಿಲ್ಲ. ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಅದನ್ನು ಪರೀಕ್ಷೆಗೆ ಒಡ್ಡುವ ದಾರಿ ತೋರಿಸಿದರು. ಆ ಪರೀಕ್ಷೆ ಮಾಡಿ ತೋರಿಸಿದ ಮೂವರಿಗೆ 2022ರ ನೊಬೆಲ್ ಬಂತು. ಅದೇ ದಾರಿಯ ಇನ್ನೊಂದು ಕವಲಿನಲ್ಲಿ ನಡೆದು, ರಾಮನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಉರ್ಬಸಿ ಸಿನ್ಹಾ ಮತ್ತು ಜೊತೆಗಾರರು ಒಂಟಿ ಬೆಳಕಿನ ಕಣಗಳಿಂದ 9 ಲಕ್ಷಕ್ಕೂ ಜಾಸ್ತಿ ಯಾದೃಚ್ಛಿಕ ಬಿಟ್‌ಗಳನ್ನು ತೆಗೆದು 2024ರಲ್ಲಿ ಪ್ರಕಟಿಸಿದರು. ಬಿಟ್ ಹುಟ್ಟಿಸುವುದು ದೊಡ್ಡದಲ್ಲ. ಅವು ಮೊದಲೇ ಬರೆದಿಟ್ಟದ್ದಲ್ಲ ಅನ್ನುವುದಕ್ಕೆ ಪ್ರಯೋಗವೇ ಸಾಕ್ಷಿ ಹೇಳುವ ಹಾಗೆ ಮಾಡುವುದು ದೊಡ್ಡದು. ಮೇಖ್ರಿ ಸರ್ಕಲ್ಲಿನ ಗದ್ದಲದಿಂದ ಒಂದು ಕೂಗಳತೆಯಲ್ಲಿ ಇದು ನಡೆಯಿತು.

ಸಾಕ್ಷಿ ಯಾಕೆ ಬೇಕು ಅಂದರೆ, ಅಂಕಿಗಳ ಸಾಲನ್ನು ನೋಡಿ ಅದು ನಿಜವಾದ ಆಕಸ್ಮಿಕವೋ ಅಲ್ಲವೋ ಅಂತ ಹೇಳುವಂತಿಲ್ಲ. ಪೈ ಬೆಲೆಯ ಅಂಕಿಗಳು ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತವೆ, ಆದರೆ ಅದರಷ್ಟು ಗೊತ್ತಿರುವ ಸಾಲು ಇನ್ನೊಂದಿಲ್ಲ. ಓಟಿಪಿ 000000 ಅಂತ ಬಂದರೆ ಏನೋ ಕೆಟ್ಟಿದೆ ಅನ್ನುತ್ತೇವೆ. 483917 ಬಂದರೆ ಸುಮ್ಮನಿರುತ್ತೇವೆ. ಎರಡಕ್ಕೂ ಇರುವ ಸಾಧ್ಯತೆ ಒಂದೇ. ಕೊನೆಗೆ ನಂಬಬೇಕಾದ್ದು ಅಂಕಿಯನ್ನಲ್ಲ, ಅದು ಬಂದ ಮೂಲವನ್ನು.

ಮೂಲ ಕೆಟ್ಟರೆ ಏನಾಗುತ್ತೆ ಅಂತ ನಮಗೆ ಶಕುನಿಯ ದಾಳ ಹೇಳಿಕೊಟ್ಟಿದೆ. ಅಮೆರಿಕದ ಎನ್‌ಐಎಸ್‌ಟಿ ಅನ್ನುವ ಮಾನದಂಡ ಸಂಸ್ಥೆ 2006ರಲ್ಲಿ ಒಪ್ಪಿದ್ದ, ಯಾದೃಚ್ಛಿಕ ಅಂಕಿ ಹುಟ್ಟಿಸುವ ಒಂದು ವಿಧಾನದಲ್ಲಿ ಎರಡು ಸ್ಥಿರ ಸಂಖ್ಯೆಗಳಿದ್ದವು. ಅವನ್ನು ಆರಿಸಿದವರು ನಡುವೆ ಒಂದು ನಂಟು ಇಟ್ಟಿದ್ದರೆ ಮುಂದೆ ಬೀಳುವ ಅಂಕಿಗಳೆಲ್ಲ ಅವರಿಗೆ ಗೊತ್ತಾಗುತ್ತವೆ ಅಂತ ಶುಮೋ ಮತ್ತು ಫರ್ಗುಸನ್ 2007ರಲ್ಲಿ ತೋರಿಸಿದರು. 2013ರಲ್ಲಿ ಎಡ್ವರ್ಡ್ ಸ್ನೋಡನ್ ಹೊರಹಾಕಿದ ಅಮೆರಿಕದ ಬೇಹುಗಾರಿಕೆಯ ದಾಖಲೆಗಳು ಬಂದ ಮೇಲೆ ಅನುಮಾನ ಗಟ್ಟಿಯಾಗಿ, 2014ರಲ್ಲಿ ಆ ವಿಧಾನವನ್ನು ಕೈಬಿಟ್ಟರು. ಸಭೆಯಲ್ಲಿ ಕೂತವರಿಗೆಲ್ಲ ಆ ದಾಳ ಬೇರೆ ಯಾವ ದಾಳದಂತೆಯೇ ಕಂಡಿತ್ತು.

ಇಷ್ಟು ಓದಿ, ಇಷ್ಟು ಕೆಲಸ ಮಾಡಿದ ಮೇಲೂ ನನಗೆ ಇದರ ಒಳಗುಟ್ಟು ತಿಳಿದದ್ದು ಒಂದು ಗುಡಿಯಲ್ಲಿ.

2016ರ ಬೇಸಿಗೆ. ಅಪ್ಪನಿಗೆ ಹೃದಯದ ಆಪರೇಷನ್ ಮಾಡಿಸಬೇಕೋ ಬೇಡವೋ ಅನ್ನುವ ಪ್ರಶ್ನೆ ಬಂತು. ಒಬ್ಬ ಡಾಕ್ಟರು ಮಾಡಿಸಿ ಅಂದರು. ಇನ್ನೊಬ್ಬರು ಈ ವಯಸ್ಸಿಗೆ ಔಷಧಿಯಲ್ಲೇ ನೋಡೋಣ ಅಂದರು. ಇಬ್ಬರೂ ತಿಳಿದವರು, ಇಬ್ಬರ ಮಾತಿನಲ್ಲೂ ತೂಕ ಇತ್ತು. ಅಪ್ಪ 'ನೀವು ಹೇಳಿದ ಹಾಗೆ' ಅಂತ ಸುಮ್ಮನಾದರು. ಅಣ್ಣ ಒಂದು ಹೇಳಿದ, ನಾನು ಒಂದು ಹೇಳಿದೆ. ಅಮ್ಮ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು 'ಹೂ ಕೇಳಿ ಬರೋಣ ಬಾ' ಅಂದಳು.

ನಮ್ಮ ಬೀದಿ ಕೊನೆಯ ಆಂಜನೇಯನ ಗುಡಿ. ಅರ್ಚಕರು ಸೇವಂತಿಗೆಯನ್ನು ನೀರಲ್ಲಿ ಅದ್ದಿ ಮೂರ್ತಿಯ ಎರಡೂ ಭುಜಕ್ಕೆ ಅಂಟಿಸಿದರು. ಬಲಗಡೆ ಹೂ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಅಮ್ಮ ಕೈ ಮುಗಿದು ನಿಂತಳು. ನಾನು ಪಕ್ಕದಲ್ಲಿ ನಿಂತು ಹೂವನ್ನೇ ನೋಡುತ್ತಿದ್ದೆ. ಕಲ್ಲಿನ ಮೇಲೆ ನೀರು ಆರುವುದು, ದೀಪದ ಶಾಖ, ಬಾಗಿಲ ಗಾಳಿ, ಎಸಳಿನ ತೂಕ. ನನ್ನ ತಲೆ ಇದನ್ನೆಲ್ಲ ಎಣಿಸುತ್ತಿತ್ತು. ಒಳ್ಳೆಯ ಮೂಲ, ಯಾರ ಕೈಯೂ ಇಲ್ಲ ಅಂತ ಅನ್ನಿಸಿದ್ದು ನೆನಪಿದೆ. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಅಮ್ಮನ ಮೊಣಕಾಲು ನಡುಗುತ್ತಿತ್ತು, ಕೂರಲು ಒಪ್ಪಲಿಲ್ಲ. ಆಮೇಲೆ ಬಲಗಡೆಯ ಹೂ ಸ್ವಲ್ಪ ಜಾರಿತು, ನಿಂತಿತು, ಬಿತ್ತು. ಸದ್ದೇ ಆಗಲಿಲ್ಲ. ಅಮ್ಮ ಉಸಿರು ಬಿಟ್ಟದ್ದು ಮಾತ್ರ ಕೇಳಿಸಿತು.

ಮನೆಗೆ ಬಂದ ಮೇಲೆ ಅಣ್ಣನಿಗೆ ಸಮಾಧಾನವಾಗಲಿಲ್ಲ. ಅವನಿಗೆ ಆಪರೇಷನ್ ಬೇಡವಾಗಿತ್ತು. 'ಇನ್ನೊಂದು ಗುಡೀಲೂ ಕೇಳಿ ನೋಡೋಣಮ್ಮ' ಅಂದ. ಅಮ್ಮ ಸಿಟ್ಟಾಗಲಿಲ್ಲ. ಮೆತ್ತಗೆ ಹೇಳಿದಳು: 'ಒಂದ್ಸಲ ಕೇಳಿದ್ದನ್ನ ಮತ್ತೆ ಕೇಳಬಾರದಪ್ಪ. ನಮಗೆ ಬೇಕಾದ್ದು ಬರೋವರೆಗೂ ಕೇಳ್ತಾ ಹೋದ್ರೆ ಅದು ಅವನ ಮಾತಲ್ಲ, ನಮ್ಮ ಮಾತೇ.'

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವಳು ಅಲ್ಲೇ ಕೂತೆ. ನನ್ನ ಕೆಲಸದಲ್ಲಿ ಇದನ್ನು ಅರ್ಥ ಮಾಡಿಸಲು ಹತ್ತು ಪುಟ ಬರೆಯುತ್ತೇವೆ. ಬಂದ ಅಂಕಿ ಇಷ್ಟವಾಗದೆ ಇನ್ನೊಂದು ಕೇಳಿದರೆ, ಅಲ್ಲಿಗೆ ನಮ್ಮ ಇಷ್ಟ ಒಳಗೆ ಬಂತು. ಕಳ್ಳ ಆ ಇಷ್ಟವನ್ನು ಹಿಡಿದುಕೊಂಡು ಒಳಗೆ ಬರುತ್ತಾನೆ. ಒಂದು ಸಲ ಬಳಸಿದ್ದನ್ನು ಮತ್ತೆ ಬಳಸಬಾರದು ಅನ್ನುವುದೂ ಇದರ ಅಕ್ಕ. ಸಂದೇಶದಷ್ಟೇ ಉದ್ದದ, ನಿಜವಾದ ಯಾದೃಚ್ಛಿಕ ಕೀಲಿಯನ್ನು ಒಂದೇ ಸಲ ಬಳಸಿದರೆ ಆ ಗುಟ್ಟನ್ನು ಯಾರೂ ಎಂದಿಗೂ ಒಡೆಯಲಾರರು ಅಂತ ಕ್ಲಾಡ್ ಶಾನನ್ 1949ರಲ್ಲಿ ಸಾಧಿಸಿ ತೋರಿಸಿದರು. ಎರಡನೇ ಮಹಾಯುದ್ಧದ ಗಡಿಬಿಡಿಯಲ್ಲಿ ಸೋವಿಯತ್ ಕಡೆಯವರು ಅಂಥ ಕೀಲಿಯ ಹಾಳೆಗಳನ್ನು ಎರಡೆರಡು ಪ್ರತಿ ಮಾಡಿಬಿಟ್ಟರು. ಅಮೆರಿಕದವರು ವರ್ಷಗಟ್ಟಲೆ ಕೂತು ಆ ಸಂದೇಶಗಳಲ್ಲಿ ಕೆಲವನ್ನು ಓದಿದರು. ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್ 3ರಲ್ಲಿ, ಪ್ರೋಗ್ರಾಮು ತನ್ನದೇ ಅಂತ ಕಂಪನಿ ಹಾಕುವ ಪ್ರತಿ ಸಹಿಗೂ ಹೊಸ ಸಂಖ್ಯೆ ಬೇಕಿದ್ದ ಕಡೆ ಒಂದೇ ಸಂಖ್ಯೆ ಕೂತಿತ್ತು. 2010ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಅದನ್ನು ಎಲ್ಲರೆದುರು ತೋರಿಸಿದರು. ಎರಡು ಸಹಿ ಇದ್ದರೆ ಸಾಕಿತ್ತು, ಕಂಪನಿಯ ಗುಪ್ತ ಕೀಲಿ ಹೈಸ್ಕೂಲಿನ ಬೀಜಗಣಿತದಲ್ಲಿ ಹೊರಗೆ ಬರುತ್ತಿತ್ತು.

ಆಪರೇಷನ್ ಆಯಿತು. ಅಪ್ಪ ಇನ್ನೂ ಎರಡು ವರ್ಷ ಇದ್ದರು. ಹೂ ಸರಿ ಹೇಳಿತೇ ಅಂತ ನಾನು ಕೇಳಿಕೊಂಡಿಲ್ಲ. ಮಾಡಿಸದಿದ್ದರೆ ಏನಾಗುತ್ತಿತ್ತು ಅಂತ ತಿಳಿಯುವ ದಾರಿ ಇಲ್ಲ. ನನಗೆ ಗೊತ್ತಿರುವುದು ಇಷ್ಟು: ಅಪ್ಪ ಹೋದ ಮೇಲೆ ಅಮ್ಮ ಅತ್ತಳು, ಒಂಟಿಯಾದಳು, ಆದರೆ 'ನಾನು ತಪ್ಪು ಮಾಡಿದೆನೇನೋ' ಅನ್ನುವ ಮಾತು ಅವಳ ಬಾಯಿಂದ ಒಂದು ದಿನವೂ ಬರಲಿಲ್ಲ. ಆ ಭಾರವನ್ನು ಅವಳು ಗುಡಿಯಲ್ಲೇ ಇಟ್ಟು ಬಂದಿದ್ದಳು. ಹೂವಿನಲ್ಲಿ ಅವಳು ಅರ್ಥ ಕಂಡಳು. ನಾನು ಯಂತ್ರದಲ್ಲಿ ಹುಡುಕುವುದು ಯಾವ ಅರ್ಥವೂ ಇಲ್ಲದ್ದನ್ನು. ಆದರೂ ಇಬ್ಬರೂ ನಿಂತದ್ದು ಒಂದೇ ಬಾಗಿಲಲ್ಲಿ, ನಮ್ಮ ಜಾಣತನವನ್ನು ಹೊರಗೆ ಬಿಟ್ಟು.

ಈಗ ಕವಡೆಗೆ ಬರುತ್ತೇನೆ. ಮನೆಯ ಪತ್ರ, ಬ್ಯಾಂಕಿನ ವಿವರ, ಅಪ್ಪನ ಫೋಟೋಗಳು, ಎಲ್ಲವನ್ನೂ ಒಂದು ಕಡೆ ಇಟ್ಟು ಬೀಗ ಹಾಕಬೇಕಿತ್ತು. ಕೀಲಿ ತನ್ನ ತಲೆಯಲ್ಲೇ ಇರಬೇಕು ಅಂತ ಅಮ್ಮನ ಹಟ. 74 ವಯಸ್ಸು, ನೆನಪು ನನಗಿಂತ ಚೆನ್ನಾಗಿದೆ. ಹಾಗಾಗಿ ಅಂಕಿ ಬೇಡ, ಕನ್ನಡದ ಪದಗಳಿರಲಿ ಅಂದುಕೊಂಡೆ. ಕೆಲವು ವಾರ ಕೂತು 1,024 ಪದಗಳ ಪಟ್ಟಿ ಮಾಡಿದೆ. ನಮ್ಮ ಮನೆಯಲ್ಲಿ ಓಡಾಡುವ ಪದಗಳು: ಪಾತ್ರೆ, ಗಿಡ, ನೆಂಟಸ್ತಿಕೆ, ತಿಂಡಿ, ಸಾಮಾನು. ಅದರಲ್ಲಿ ಏಳು ಪದ ಬೇಕು. ಒಂದೊಂದು ಪದಕ್ಕೂ ಹತ್ತು ಬಿಟ್, ಒಟ್ಟು ಎಪ್ಪತ್ತು. ಈ ವಿಧಾನವನ್ನು ಇಲ್ಲಿ ಪೂರ್ತಿ ಹೇಳುವುದಕ್ಕೆ ನನಗೆ ಭಯ ಇಲ್ಲ. ಗುಟ್ಟು ಇದರಲ್ಲಿ ಇಲ್ಲ, ಕವಡೆ ಬಿದ್ದ ರೀತಿಯಲ್ಲಿದೆ.

ಅಮ್ಮ ಚೌಕಾಬಾರದ ಬಟ್ಟೆ ಚೀಲ ತಂದಳು. ಅವಳ ಮದುವೆಗೂ ಮೊದಲಿನ ಕವಡೆಗಳು, ಉಜ್ಜಿ ಉಜ್ಜಿ ಬೆನ್ನು ಹಳದಿಯಾಗಿವೆ. ಒಂದನ್ನು ಆರಿಸಿ ಮೊದಲು ಇನ್ನೂರು ಸಲ ಹಾಕಿ ನೋಡಿದ್ದೆ. 123 ಸಲ ಅಂಗಾತ. ಸಮ ಇಲ್ಲ, ಅದಕ್ಕೆ ತನ್ನದೇ ಒಲವಿದೆ. ಒಲವಿರುವ ಕವಡೆಯಿಂದ ಪಕ್ಷಪಾತ ಇಲ್ಲದ ಉತ್ತರ ತೆಗೆಯುವುದಕ್ಕೆ ಜಾನ್ ಫಾನ್ ನಾಯ್ಮನ್ ಒಂದು ಉಪಾಯ ಹೇಳಿದ್ದಾರೆ. ಎರಡೆರಡು ಸಲ ಹಾಕಿ. ಅಂಗಾತ ಆಮೇಲೆ ಬೋರಲು ಬಂದರೆ ಒಂದು. ಬೋರಲು ಆಮೇಲೆ ಅಂಗಾತ ಬಂದರೆ ಸೊನ್ನೆ. ಎರಡೂ ಒಂದೇ ಬಂದರೆ ಬಿಟ್ಟುಬಿಡಿ. ಕವಡೆಯ ಒಲವು ಎಷ್ಟೇ ಇರಲಿ, ಈ ಎರಡು ಕ್ರಮಕ್ಕೂ ಸಾಧ್ಯತೆ ಸಮ. ಬರೀ ಲೆಕ್ಕದಿಂದ ಆಕಸ್ಮಿಕ ಹುಟ್ಟಿಸಲು ಹೊರಟವನು ಪಾಪದ ಸ್ಥಿತಿಯಲ್ಲಿದ್ದಾನೆ ಅಂತ ಅವರು ಬರೆದದ್ದೂ 1951ರ ಅದೇ ಬರಹದಲ್ಲಿ. ಗಣಿತದವರು ಪಾಪ ಅನ್ನುವ ಪದ ಬಳಸುವುದು ಕಡಿಮೆ.

ಅಮ್ಮನಿಗೆ ಈ ಬಿಡುವುದು ಸರಿ ಕಾಣಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜೋಡಿ ಹೋಗುತ್ತಿದ್ದವು. 'ಇದೇನೇ, ಬಿದ್ದದ್ದನ್ನ ಬಿಡೋದಾ? ಒಂದ್ಸಲ ಹಾಕಿದ್ದು ಹಾಕಿದ ಹಾಗೆ ಅಲ್ವಾ?' ಅಂದಳು. ಯಾವುದನ್ನು ಬಿಡಬೇಕು ಅಂತ ಹಾಕೋ ಮೊದಲೇ ಮಾತಾಗಿದೆ ಅಮ್ಮ, ನೋಡಿದ ಮೇಲೆ ಬಿಡ್ತಾ ಇಲ್ಲ, ಅಂದೆ. ಸ್ವಲ್ಪ ಹೊತ್ತು ಯೋಚಿಸಿದಳು. 'ಮೊದಲೇ ಮಾತಾಗಿದ್ರೆ ಸರಿ' ಅಂತ ಮತ್ತೆ ಕವಡೆ ಎತ್ತಿಕೊಂಡಳು.

ನಾಲ್ಕು ಪದ ಆದವು. ಒಂದಕ್ಕೊಂದು ಸಂಬಂಧ ಇಲ್ಲದ ಪದಗಳು. ಅಮ್ಮ ಅವನ್ನೇ ರಾಗವಾಗಿ ಹೇಳಿಕೊಳ್ಳುತ್ತಿದ್ದಳು. ಐದನೆಯದಕ್ಕೆ ಹತ್ತು ಬಿಟ್ ತುಂಬಿದವು. ಸಂಖ್ಯೆ ಮಾಡಿ, ಪಟ್ಟಿಯಲ್ಲಿ ಬೆರಳಿಟ್ಟು ನೋಡಿದೆ.

ಆ ಪದ ಯಾವುದು ಅಂತ ನಾನು ಇಲ್ಲಿ ಹೇಳುವಂತಿಲ್ಲ. ಅಪ್ಪನದು ಅಂತಷ್ಟೇ ಹೇಳುತ್ತೇನೆ. ಕೊನೆಯ ಆರು ತಿಂಗಳು ಅವರ ಮಂಚದ ಪಕ್ಕ ಇದ್ದ ಒಂದು ವಸ್ತು. ಪಟ್ಟಿ ಮಾಡಿದವಳು ನಾನೇ, ಆ ಪದ ಬರೆದವಳೂ ನಾನೇ, ಬರೆಯುವಾಗ ಏನೂ ಅನ್ನಿಸಿರಲಿಲ್ಲ. ಈಗ ಓದಿ ಹೇಳಿದ ಮೇಲೆ ಇಬ್ಬರೂ ಮಾತಾಡಲಿಲ್ಲ. ಇನ್ನು ಮೇಲೆ ದಿನಾ ಇದನ್ನು ಅಮ್ಮ ನೆನಪು ಮಾಡಿಕೊಳ್ಳಬೇಕಲ್ಲ ಅನ್ನಿಸಿತು. 'ಇದೊಂದನ್ನ ಬಿಟ್ಟು ಮತ್ತೆ ಹಾಕೋಣವಾ ಅಮ್ಮ?' ಅಂದೆ.

ಅಮ್ಮ ನನ್ನ ಮುಖ ನೋಡಿದಳು. 'ಬಂದಿದ್ದಾಯ್ತಲ್ಲ. ಬರ್ಕೊಳೇ' ಅಂದಳು.

ಬರೆದುಕೊಂಡೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಕವಡೆ ಎತ್ತಿ, ಅಂಗೈಯಲ್ಲಿ ಕುಲುಕಿ, ಆರನೇ ಪದಕ್ಕೆ ಹಾಕಿದಳು. ಅಂಗಾತ. ಮತ್ತೆ ಹಾಕಿದಳು. ಅಂಗಾತ.

'ಬಿಡು' ಅಂದಳು, ನಾನು ಹೇಳುವ ಮೊದಲೇ.